ಲಿಂಕ್ ದೀಪ ಉರಿಯುತ್ತದೆ, ದೃಢೀಕರಣ ಆಗುವುದಿಲ್ಲ: ಗೇಟ್‌ವೇ ಪೋರ್ಟ್ ಮತ್ತು ಲಾಗಿನ್ ದೋಷ ಹುಡುಕುವ ಕ್ರಮ

ಕಚೇರಿಯ ಜಾಲವನ್ನು ಇಂಟರ್ನೆಟ್‌ಗೆ ಜೋಡಿಸುವ ಪೆಟ್ಟಿಗೆಯೇ ಗೇಟ್‌ವೇ. ಅದರ ಲಾಗ್‌ನಲ್ಲಿ (ಘಟನೆಗಳ ದಾಖಲೆಯಲ್ಲಿ) ದೃಢೀಕರಣ, ಅಂದರೆ ಲಾಗಿನ್ ಪರಿಶೀಲನೆ, ವಿಫಲ ಎಂಬ ಸಾಲು ಕಂಡ ಕೂಡಲೇ ಹೆಚ್ಚಿನವರು ಪಾಸ್‌ವರ್ಡ್ ಮತ್ತೆ ಟೈಪ್ ಮಾಡುತ್ತಾರೆ. ಅದೂ ಫಲ ಕೊಡದಿದ್ದರೆ ರೀಸೆಟ್ ಬಟನ್ ಒತ್ತುತ್ತಾರೆ. ರೀಸೆಟ್ ಆದೊಡನೆ ವಿಲ್ಯಾನ್ ಸಂಖ್ಯೆ (ಒಂದೇ ತಂತಿಯಲ್ಲಿ ಪ್ರತ್ಯೇಕ ಜಾಲವನ್ನು ಗುರುತಿಸುವ ಸಂಖ್ಯೆ), ಕ್ಲೋನ್ ಮಾಡಿಟ್ಟ (ಹಳೆಯ ಸಾಧನದಿಂದ ನಕಲಿಸಿದ) ಮ್ಯಾಕ್ ವಿಳಾಸ, ಅಂದರೆ ಪೋರ್ಟ್‌ನ ಯಂತ್ರ ಸಂಖ್ಯೆ, ರೇಡಿಯಸ್ ಸೀಕ್ರೆಟ್ (ಲಾಗಿನ್ ಪರಿಶೀಲಿಸುವ ಸರ್ವರ್ ಜೊತೆಗಿನ ಗುಪ್ತಪದ) ಎಲ್ಲ ಅಳಿಸಿಹೋಗಿ, ಇದ್ದ ಒಂದು ದೋಷದ ಜೊತೆ ಇನ್ನೂ ಮೂರು ಸೇರಿಕೊಳ್ಳುತ್ತವೆ. ಆದ್ದರಿಂದ ಮೊದಲು ಸೆಟ್ಟಿಂಗ್‌ಗಳ ಬ್ಯಾಕಪ್ ಫೈಲ್ ಇಳಿಸಿಕೊಳ್ಳಿ, ಲಾಗ್ ಪುಟವನ್ನು ಉಳಿಸಿಕೊಳ್ಳಿ. ಎಷ್ಟೋ ಗೇಟ್‌ವೇಗಳಲ್ಲಿ ಲಾಗ್ ಮೆಮೊರಿಯಲ್ಲಷ್ಟೇ ಇರುತ್ತದೆ. ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸಾಕ್ಷ್ಯವೇ ಇರುವುದಿಲ್ಲ.

ಇಲ್ಲಿ ಇಟ್ಟುಕೊಂಡಿರುವ ಉದಾಹರಣೆ ಸಣ್ಣ ಕಚೇರಿ, ಕಾಲೇಜು ಲ್ಯಾಬ್, ಸಹಕಾರ ಸಂಘಗಳಲ್ಲಿ ಸಾಮಾನ್ಯವಾಗಿ ಕಾಣುವ ಜೋಡಣೆ. ಐಎಸ್‌ಪಿಯ (ಇಂಟರ್ನೆಟ್ ಕೊಡುವ ಕಂಪನಿಯ) ಫೈಬರ್ ಬಾಕ್ಸ್, ಅಂದರೆ ಒಎನ್‌ಟಿ, ಬ್ರಿಡ್ಜ್ ಮೋಡ್‌ನಲ್ಲಿದೆ: ತಾನು ಲಾಗಿನ್ ಆಗದೆ ಬಂದದ್ದನ್ನು ದಾಟಿಸುತ್ತದೆ ಅಷ್ಟೆ. ಅದರಿಂದ ಒಂದು ಕೇಬಲ್ ಗೇಟ್‌ವೇಯ ವ್ಯಾನ್ (ಹೊರಗಿನ) ಪೋರ್ಟ್‌ಗೆ ಬರುತ್ತದೆ. ಗೇಟ್‌ವೇ ಪಿಪಿಪಿಒಇ ಎಂಬ ಲಾಗಿನ್ ವಿಧಾನದ ಮೂಲಕ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಒಳಹೋಗುತ್ತದೆ. ಒಳಗಡೆಯ ಲ್ಯಾನ್ ಪೋರ್ಟ್‌ಗಳಲ್ಲಿ 802.1ಎಕ್ಸ್ ಎಂಬ ಪೋರ್ಟ್ ಕಾವಲು ಇದೆ. ಯಾರೋ ಬಂದು ಲ್ಯಾಪ್‌ಟಾಪ್ ಚುಚ್ಚಿದರೆ ರೇಡಿಯಸ್ ಸರ್ವರ್ ಒಪ್ಪುವವರೆಗೆ ಆ ಪೋರ್ಟ್ ತೆರೆಯುವುದಿಲ್ಲ.

ಎರಡೂ ಕಡೆ ದೃಢೀಕರಣದ ಮಾತುಕತೆ ನಡೆಯುವುದು ಈಥರ್ನೆಟ್ ಫ್ರೇಮ್‌ಗಳಲ್ಲಿ (ತಂತಿಯಲ್ಲಿ ಹೋಗುವ ಮಾಹಿತಿಯ ಕಟ್ಟುಗಳಲ್ಲಿ), ಐಪಿ ವಿಳಾಸ ಸಿಗುವುದಕ್ಕೂ ಮೊದಲು. ಕೇಬಲ್ ಅಥವಾ ಪೋರ್ಟ್ ಸೆಟ್ಟಿಂಗ್ ಕೆಟ್ಟಿದ್ದು ಫ್ರೇಮ್ ಕಳೆದುಹೋದರೆ ಅದು ಲಾಗ್‌ನಲ್ಲಿ ಲಾಗಿನ್ ದೋಷವಾಗಿಯೇ ಕಾಣುತ್ತದೆ. ಪೋರ್ಟ್ ಸರಿ ಇದೆ ಎಂದು ಅಂಕಿಗಳು ಹೇಳುವವರೆಗೆ ಪಾಸ್‌ವರ್ಡ್ ಮುಟ್ಟಬೇಡಿ.

ಪೋರ್ಟ್: ದೀಪ ಬಿಟ್ಟು ಅಂಕಿ ನೋಡಿ

ಹಸಿರು ದೀಪ ಹೇಳುವುದು ಆ ಕಡೆ ಏನೋ ಇದೆ ಎಂಬುದನ್ನಷ್ಟೇ. ಗೇಟ್‌ವೇಯ ಪೋರ್ಟ್ ಸ್ಥಿತಿ ಪುಟದಲ್ಲಿ, ಲಿನಕ್ಸ್ ಆಧಾರಿತ ಗೇಟ್‌ವೇ ಆದರೆ ಎಥ್‌ಟೂಲ್ ಆಜ್ಞೆಯಲ್ಲಿ, ನಾಲ್ಕು ವಿಷಯ ಬರೆದುಕೊಳ್ಳಿ: ವೇಗ ಎಷ್ಟು, ಡುಪ್ಲೆಕ್ಸ್ ಫುಲ್ಲೋ (ಎರಡೂ ದಿಕ್ಕು ಒಟ್ಟಿಗೆ) ಹಾಫೋ (ಒಮ್ಮೆಗೆ ಒಂದೇ ದಿಕ್ಕು), ಆಟೋ ನೆಗೋಷಿಯೇಷನ್ (ಎರಡೂ ಕಡೆ ತಾವೇ ವೇಗ ಒಪ್ಪಿಕೊಳ್ಳುವುದು) ಆನ್ ಇದೆಯೋ, ಎದುರಿನ ಸಾಧನ ಯಾವ ವೇಗಗಳನ್ನು ಸಾರುತ್ತಿದೆ. ನಂತರ ಸಿಆರ್‌ಸಿ ಎರರ್ (ಕೆಟ್ಟು ಬಂದ ಫ್ರೇಮ್), ಲೇಟ್ ಕೊಲಿಷನ್ (ತಡವಾಗಿ ಆದ ಡಿಕ್ಕಿ), ರಂಟ್ (ತುಂಡಾದ ಫ್ರೇಮ್), ಲಿಂಕ್ ಬಿದ್ದ ಸಲ ಎಂಬ ಎಣಿಕೆಗಳನ್ನು ಐದು ನಿಮಿಷದ ಅಂತರದಲ್ಲಿ ಎರಡು ಸಲ ಓದಿ. ಆ ಐದು ನಿಮಿಷ ಒಂದು ದೊಡ್ಡ ಫೈಲ್ ಇಳಿಯುತ್ತಿರಲಿ. ಒಟ್ಟು ಎಣಿಕೆ ಹಳೆಯ ಗಾಯದ ಗುರುತೂ ಆಗಿರಬಹುದು. ನಮಗೆ ಬೇಕಾದದ್ದು ಅದು ಈಗಲೂ ಏರುತ್ತಿದೆಯೇ ಎಂಬುದು.

ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟ್ 100ಕ್ಕೆ ನಿಂತಿದ್ದರೆ ಅಥವಾ ಲಿಂಕ್ ಬಂದು ಬಂದು ಹೋಗುತ್ತಿದ್ದರೆ ಮೊದಲ ಅನುಮಾನ ಕೇಬಲ್ ಮೇಲೆ. 100 ಬೇಸ್-ಟಿಎಕ್ಸ್‌ಗೆ (100ರ ವೇಗದ ಈಥರ್ನೆಟ್‌ಗೆ) ಎರಡೇ ಜೋಡಿ ತಂತಿ ಸಾಕು: ಪಿನ್ 1-2 ಮತ್ತು 3-6. 1000 ಬೇಸ್-ಟಿಗೆ ನಾಲ್ಕೂ ಜೋಡಿ ಬೇಕು. ವೇಗದ ಒಪ್ಪಂದ ಮಾತ್ರ ಮೊದಲ ಎರಡು ಜೋಡಿಗಳಲ್ಲೇ ನಡೆದುಹೋಗುತ್ತದೆ. ಹಾಗಾಗಿ ನೀಲಿ ಜೋಡಿ (4-5) ಅಥವಾ ಕಂದು ಜೋಡಿ (7-8) ತುಂಡಾಗಿದ್ದರೆ ಎರಡೂ ಕಡೆಯವರು 1000 ಎಂದು ಒಪ್ಪಿಕೊಳ್ಳುತ್ತಾರೆ, ಲಿಂಕ್ ಮಾತ್ರ ನಿಲ್ಲುವುದಿಲ್ಲ. ಕೆಲವು ಚಿಪ್‌ಗಳು ನಾಲ್ಕಾರು ಸಲ ಸೋತ ಮೇಲೆ ತಾವೇ 100ಕ್ಕೆ ಇಳಿಯುತ್ತವೆ, ಇನ್ನು ಕೆಲವು ಇಳಿಯದೆ ಒದ್ದಾಡುತ್ತಲೇ ಇರುತ್ತವೆ. ಲಿಂಕ್ ಒಮ್ಮೆ ಬಿದ್ದರೆ ಪಿಪಿಪಿಒಇಯೂ ಬೀಳುತ್ತದೆ, 802.1ಎಕ್ಸ್ ಕೂಡ ಮೊದಲಿನಿಂದ ಶುರುವಾಗುತ್ತದೆ. ಲಾಗ್ ತುಂಬ ಲಾಗಿನ್ ಸಂದೇಶಗಳು ತುಂಬಿಕೊಳ್ಳುವುದು ಹೀಗೆ.

ಆರ್‌ಜೆ45 ಪ್ಲಗ್ ಅನ್ನು ಬಿಚ್ಚಿ, ತುದಿಯನ್ನು ಬೆಳಕಿಗೆ ಹಿಡಿದು ಎದುರಿನಿಂದ ನೋಡಿ. ಪಾರದರ್ಶಕ ಪ್ಲಾಸ್ಟಿಕ್ಕಿನ ಹಿಂದೆ ಎಂಟು ಲೋಹದ ಚುಕ್ಕೆಗಳು ತುದಿ ಮುಟ್ಟಿ ಸಾಲಾಗಿ ಹೊಳೆಯಬೇಕು. ಒಂದು ಹಿಂದಕ್ಕೆ ಸರಿದಿದ್ದರೂ ಆ ಪ್ಲಗ್ ಕತ್ತರಿಸಿ ಎಸೆಯಿರಿ. ಹೊರಗಿನ ಸಿಪ್ಪೆ ಪ್ಲಗ್‌ನ ಒಳಗೆ, ಹಿಡಿಕೆಯ ಕೆಳಗೆ ಸೇರಿರಬೇಕು. ಸಿಪ್ಪೆ ಹೊರಗಿದ್ದು ಬಣ್ಣದ ತಂತಿಗಳು ಕಾಣುತ್ತಿದ್ದರೆ ಪ್ರತಿ ಎಳೆತವೂ ಸಂಪರ್ಕದ ಮೇಲೇ ಬೀಳುತ್ತದೆ. ಹೊಸದಾಗಿ ಕ್ರಿಂಪ್ ಮಾಡುವಾಗ ಹೆಣಿಗೆ ಬಿಚ್ಚುವುದು 13 ಮಿಲಿಮೀಟರ್ ಮೀರದಿರಲಿ. ಎರಡೂ ತುದಿಯಲ್ಲಿ ಬಿ ಕ್ರಮ ಇರಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

ಕಡಿಮೆ ಬೆಲೆಯ ಕೇಬಲ್ ರೋಲ್‌ಗಳಲ್ಲಿ ತಾಮ್ರದ ಲೇಪ ಇರುವ ಅಲ್ಯೂಮಿನಿಯಂ ತಂತಿ ಬರುತ್ತದೆ. ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಎರಡು ಮೂರು ಸಲ ಬಾಗಿಸಿದರೆ ಮುರಿಯುತ್ತದೆ, ಕ್ರಿಂಪ್ ಮಾಡಿದ ಜಾಗದಲ್ಲಿ ಕಾಲಕ್ರಮೇಣ ಸಡಿಲವಾಗುತ್ತದೆ. ಮಾನದಂಡದ ಪ್ರಕಾರ 100 ಮೀಟರ್ ಉದ್ದಕ್ಕೆ ಒಂದು ತಂತಿಯ ರೋಧ ಸುಮಾರು 9.4 ಓಮ್ ಮೀರಬಾರದು. ಒಂದು ತುದಿಯಲ್ಲಿ ಜೋಡಿಯ ಎರಡೂ ತಂತಿ ಸೇರಿಸಿ ಇನ್ನೊಂದು ತುದಿಯಲ್ಲಿ ಮಲ್ಟಿಮೀಟರ್ ಇಟ್ಟರೆ 50 ಮೀಟರ್ ಕೇಬಲ್‌ಗೆ ಹತ್ತು ಓಮ್ ಒಳಗೇ ಬರಬೇಕು. ಹದಿನೈದು ತೋರಿಸಿದರೆ ಆ ರೋಲ್‌ನಿಂದ ಇನ್ನೊಂದು ಮೀಟರ್ ಕೂಡ ಎಳೆಯಬೇಡಿ. ದುಡ್ಡು ಉಳಿಸಿದ್ದು ಮೊದಲ ದಿನ ಮಾತ್ರ, ಆಮೇಲೆ ವರ್ಷಗಟ್ಟಲೆ ಅದರ ಹಿಂದೆ ಓಡಾಡಬೇಕಾಗುತ್ತದೆ.

ವೇಗ ಸರಿಯಿದ್ದೂ ಪಿಂಗ್ (ಎದುರಿನ ಸಾಧನ ಉತ್ತರಿಸುತ್ತದೆಯೇ ಎಂಬ ಪರೀಕ್ಷೆ) ಚೆನ್ನಾಗಿದ್ದೂ ಡೌನ್‌ಲೋಡ್ ತೆವಳುತ್ತಿದ್ದರೆ ಡುಪ್ಲೆಕ್ಸ್ ನೋಡಿ. ಇದು ಮನುಷ್ಯರೇ ತಂದಿಡುವ ದೋಷ. ಒಂದು ಕಡೆ ಯಾರೋ 100 ಫುಲ್ ಎಂದು ಗಟ್ಟಿಯಾಗಿ ಕೂರಿಸಿರುತ್ತಾರೆ, ಇನ್ನೊಂದು ಕಡೆ ಆಟೋ ಇರುತ್ತದೆ. ಗಟ್ಟಿ ಮಾಡಿದ ಕಡೆಯಿಂದ ಒಪ್ಪಂದದ ಸಂಕೇತ ಬರುವುದೇ ಇಲ್ಲ. ಆಟೋ ಕಡೆಯ ಪೋರ್ಟ್ ಸಿಗ್ನಲ್ ನೋಡಿ ವೇಗ 100 ಎಂದು ಕಂಡುಕೊಳ್ಳುತ್ತದೆ, ಡುಪ್ಲೆಕ್ಸ್ ತಿಳಿಯುವ ದಾರಿ ಇಲ್ಲದೆ ನಿಯಮದಂತೆ ಹಾಫ್‌ಗೆ ಇಳಿಯುತ್ತದೆ. ಆಗ ಹಾಫ್ ಕಡೆ ಲೇಟ್ ಕೊಲಿಷನ್ ಏರುತ್ತದೆ, ಫುಲ್ ಕಡೆ ಸಿಆರ್‌ಸಿ ಎರರ್ ಮತ್ತು ರಂಟ್‌ಗಳು ಏರುತ್ತವೆ. ಈ ಜೋಡಿ ಲಕ್ಷಣ ಕಂಡರೆ ಬೇರೆ ಪರೀಕ್ಷೆಯೇ ಬೇಡ. ಎರಡೂ ಕಡೆ ಆಟೋ ಮಾಡಿ. ಆಟೋ ಗೊತ್ತಿಲ್ಲದ ಹಳೆಯ ಮೀಡಿಯಾ ಕನ್ವರ್ಟರ್ (ತಾಮ್ರ ಮತ್ತು ಫೈಬರ್ ಜೋಡಿಸುವ ಪೆಟ್ಟಿಗೆ) ಇದ್ದಾಗ ಮಾತ್ರ ಎರಡೂ ಕಡೆ ಒಂದೇ ಮೌಲ್ಯ ಗಟ್ಟಿ ಮಾಡಿ. ತಾಮ್ರದ ಗಿಗಾಬಿಟ್‌ಗೆ ಆಟೋ ನೆಗೋಷಿಯೇಷನ್ ಕಡ್ಡಾಯ, ಏಕೆಂದರೆ ಯಾವ ಕಡೆಯ ಗಡಿಯಾರ ಮುಂದಾಳು ಎಂಬುದೂ ಅದರಲ್ಲೇ ತೀರ್ಮಾನವಾಗುತ್ತದೆ. ವೇಗ ಇಳಿಸಲೇಬೇಕಾದರೆ ಆಟೋ ಆಫ್ ಮಾಡದೆ, ಸಾರುವ ವೇಗಗಳ ಪಟ್ಟಿಯಿಂದ 1000 ತೆಗೆಯಿರಿ.

ಎಸ್‌ಎಫ್‌ಪಿ (ಚುಚ್ಚಿ ತೆಗೆಯುವ ಮಾಡ್ಯೂಲ್) ಫೈಬರ್ ಪೋರ್ಟ್‌ನಲ್ಲಿ ಲಕ್ಷಣ ಬೇರೆ: ಒಂದು ಕಡೆ ಲಿಂಕ್ ಅಪ್, ಇನ್ನೊಂದು ಕಡೆ ಡೌನ್. ಒಂದೇ ಕಡೆ ಆಟೋ ಆಫ್ ಆಗಿದ್ದರೆ ಹೀಗಾಗುತ್ತದೆ. ಇನ್ನು ಸಿಡಿಲಿನ ನಂತರದ ದೂರು. ಒಳ್ಳೆಯ ಎರಡು ಮೀಟರ್ ಪ್ಯಾಚ್ ಕೇಬಲ್ ಹಾಕಿದರೂ ಆ ಒಂದು ಪೋರ್ಟ್ 1000ಕ್ಕೆ ಏರದೆ, ಪಕ್ಕದ ಪೋರ್ಟ್ ಏರಿದರೆ ಪೋರ್ಟ್ ಸುಟ್ಟಿದೆ. ಅದಕ್ಕೆ ಟೇಪ್ ಅಂಟಿಸಿ, ವ್ಯಾನ್ ಕೆಲಸವನ್ನು ಬೇರೆ ಪೋರ್ಟ್‌ಗೆ ವರ್ಗಾಯಿಸಿ. ಎರಡು ಕಟ್ಟಡಗಳ ನಡುವೆ ಬಯಲಲ್ಲಿ ತಾಮ್ರದ ಕೇಬಲ್ ಎಳೆದಿದ್ದರೆ ಮುಂದಿನ ಮಳೆಗಾಲಕ್ಕೂ ಇದೇ ಕಥೆ. ಆ ಜಾಗಕ್ಕೆ ಫೈಬರ್ ಒಂದೇ ಮದ್ದು.

ಪಿಪಿಪಿಒಇ: ಎಲ್ಲಿ ನಿಂತಿತು ಎಂಬುದೇ ಉತ್ತರ

ವ್ಯಾನ್ ಪೋರ್ಟ್‌ನಲ್ಲಿ ಟಿಸಿಪಿಡಂಪ್ ಅಥವಾ ಗೇಟ್‌ವೇಯ ಪ್ಯಾಕೆಟ್ ಕ್ಯಾಪ್ಚರ್ ಹಾಕಿ, ಹೋಗಿ ಬರುವ ಫ್ರೇಮ್‌ಗಳು ಕಾಣುತ್ತವೆ. ವಿಧದ ಸಂಖ್ಯೆ ಹೆಕ್ಸ್ 8863 ಇರುವ ಫ್ರೇಮ್‌ಗಳು ಹುಡುಕಾಟದ ಹಂತ, 8864 ಸೆಷನ್ ಹಂತ. ಗೇಟ್‌ವೇ ಪಾಡಿ ಎಂಬ ಕೂಗು ಹಾಕುತ್ತದೆ, ಐಎಸ್‌ಪಿ ಕಡೆಯಿಂದ ಪಾಡೋ ಎಂಬ ಉತ್ತರ ಬರಬೇಕು. ಗೇಟ್‌ವೇ ಪಾಡರ್ ಎಂಬ ಕೋರಿಕೆ ಕಳಿಸುತ್ತದೆ, ಪಾಡ್ಸ್ ಬಂದಾಗ ಸೆಷನ್ ಸಂಖ್ಯೆ ಸಿಗುತ್ತದೆ. ಆಮೇಲೆ ಎಲ್‌ಸಿಪಿ (ಸಂಪರ್ಕದ ನಿಯಮಗಳ ಒಪ್ಪಂದ), ಅದಾದ ಮೇಲೆ ಪ್ಯಾಪ್ ಅಥವಾ ಚಾಪ್ (ಪಾಸ್‌ವರ್ಡ್ ಪರಿಶೀಲನೆ), ಕೊನೆಗೆ ಐಪಿಸಿಪಿಯಲ್ಲಿ ಐಪಿ ವಿಳಾಸ.

ಪಾಡಿ ಮಾತ್ರ ಹೋಗುತ್ತಿದ್ದು ಪಾಡೋ ಬರದಿದ್ದರೆ ನಿಮ್ಮ ಪಾಸ್‌ವರ್ಡ್ ಅನ್ನು ಇನ್ನೂ ಯಾರೂ ಕೇಳಿಯೇ ಇಲ್ಲ. ಒಎನ್‌ಟಿಯಲ್ಲಿ ಪಾನ್ (ಫೈಬರ್ ಜೋಡಣೆಯ) ದೀಪ ಸ್ಥಿರವಾಗಿದೆಯೇ, ಲಾಸ್ (ಸಿಗ್ನಲ್ ಇಲ್ಲ ಎನ್ನುವ) ದೀಪ ಕೆಂಪಾಗಿದೆಯೇ ನೋಡಿ. ದೀಪ ಸರಿಯಿದ್ದರೆ ವಿಲ್ಯಾನ್ ಕಡೆ ತಿರುಗಿ. ಐಎಸ್‌ಪಿ ಕೊಟ್ಟ ವಿಲ್ಯಾನ್ ಟ್ಯಾಗ್ ಅನ್ನು ಒಎನ್‌ಟಿ ಹಾಕುತ್ತದೆಯೋ ಗೇಟ್‌ವೇ ಹಾಕಬೇಕೋ ಎಂಬುದು ಒಬ್ಬರ ಜವಾಬ್ದಾರಿ ಮಾತ್ರ ಆಗಿರಬೇಕು. ಇಬ್ಬರೂ ಹಾಕಿದರೂ ಕೆಟ್ಟಿತು, ಇಬ್ಬರೂ ಬಿಟ್ಟರೂ ಕೆಟ್ಟಿತು. ಗೇಟ್‌ವೇಯಲ್ಲಿ ಹಾಕಬೇಕಿದ್ದರೆ ಪಿಪಿಪಿಒಇ ಕೂರಬೇಕಾದದ್ದು ವಿಲ್ಯಾನ್ ಉಪ-ಇಂಟರ್‌ಫೇಸ್ ಮೇಲೆ. ವಿಲ್ಯಾನ್ ಸೃಷ್ಟಿಸಿ, ಪಿಪಿಪಿಒಇಯನ್ನು ಮೂಲ ಪೋರ್ಟ್ ಮೇಲೇ ಬಿಟ್ಟಿರುವುದು ಅತಿ ಸಾಮಾನ್ಯ ತಪ್ಪು.

ಒಎನ್‌ಟಿಯನ್ನು ಐಎಸ್‌ಪಿಯವರು ಬದಲಾಯಿಸಿದ ಮರುದಿನವೇ ದೋಷ ಶುರುವಾಗಿದ್ದರೆ ಹೊಸದು ರೂಟರ್ ಮೋಡ್‌ನಲ್ಲಿ ಬಂದಿರಬಹುದು. ಅದೇ ನಿಮ್ಮ ಯೂಸರ್‌ನೇಮ್‌ನಲ್ಲಿ ಲಾಗಿನ್ ಆಗಿ ಕುಳಿತಿರುತ್ತದೆ, ಗೇಟ್‌ವೇಗೆ ಬಾಗಿಲು ಮುಚ್ಚಿರುತ್ತದೆ. ಅದರ ಲ್ಯಾನ್ ವಿಳಾಸವೂ 192.168.1.1, ನಿಮ್ಮ ಗೇಟ್‌ವೇಯದೂ ಅದೇ ಆಗಿದ್ದರೆ ಗೊಂದಲ ಇನ್ನೂ ಹೆಚ್ಚು: ವ್ಯಾನ್ ಮತ್ತು ಲ್ಯಾನ್ ಎರಡಕ್ಕೂ ಒಂದೇ ಶ್ರೇಣಿ ಬಂದರೆ ಗೇಟ್‌ವೇ ಯಾವ ಕಡೆ ಕಳಿಸಬೇಕೆಂದು ತಿಳಿಯದೆ ನಿಲ್ಲುತ್ತದೆ. ನಿಮ್ಮ ಲ್ಯಾನ್ ಅನ್ನು 192.168.57.0 ಥರದ, ಸಾಮಾನ್ಯವಾಗಿ ಬೇರೆಡೆ ಕಾಣದ ಶ್ರೇಣಿಗೆ ಮೊದಲೇ ಬದಲಾಯಿಸಿಡುವುದು ಜಾಣತನ.

ಎಲ್‌ಸಿಪಿ ಮುಗಿದು ಪ್ಯಾಪ್ ಅಥವಾ ಚಾಪ್‌ನಲ್ಲಿ ನಿರಾಕರಣೆ ಬಂದರೆ ಮಾತ್ರ ಅದು ನಿಜವಾದ ದೃಢೀಕರಣ ದೋಷ. ವಿಂಡೋಸ್ ಲ್ಯಾಪ್‌ಟಾಪ್‌ನಿಂದ ನೇರ ಡಯಲ್ ಮಾಡಿ ನೋಡುವವರಿಗೆ ಇದೇ ವ್ಯತ್ಯಾಸ ಎರರ್ ಸಂಖ್ಯೆಯಲ್ಲಿ ಸಿಗುತ್ತದೆ: 651 ಎಂದರೆ ಆ ಕಡೆಯಿಂದ ಉತ್ತರವೇ ಇಲ್ಲ, 691 ಎಂದರೆ ಉತ್ತರ ಬಂದು ಬೇಡ ಎಂದಿದೆ. ಲ್ಯಾಪ್‌ಟಾಪ್ ಪರೀಕ್ಷೆಗೆ ಒಂದು ಎಚ್ಚರಿಕೆ ಇದೆ. ಐಎಸ್‌ಪಿ ಖಾತೆಯನ್ನು ಒಂದೇ ಮ್ಯಾಕ್ ವಿಳಾಸಕ್ಕೆ ಕಟ್ಟಿಹಾಕಿದ್ದರೆ (ಬೈಂಡಿಂಗ್) ಸರಿಯಾದ ಪಾಸ್‌ವರ್ಡ್‌ಗೂ 691 ಬರುತ್ತದೆ. ಗೇಟ್‌ವೇ ಹೊಸದಾಗಿ ಹಾಕಿದಾಗಲೂ ಇದೇ ಆಗುತ್ತದೆ. ಹಳೆಯ ರೂಟರ್‌ನ ತಳದ ಚೀಟಿ ನೋಡಿ ಅದರ ವ್ಯಾನ್ ಮ್ಯಾಕ್ ಅನ್ನು ಕ್ಲೋನ್ ಮಾಡಿ, ಇಲ್ಲವೇ ಐಎಸ್‌ಪಿಗೆ ಹೇಳಿ ಬೈಂಡಿಂಗ್ ತೆರವು ಮಾಡಿಸಿ. ಚೀಟಿಯಲ್ಲಿರುವುದು ಲ್ಯಾನ್ ಮ್ಯಾಕ್ ಆಗಿದ್ದು ವ್ಯಾನ್‌ನದು ಕೊನೆಯ ಅಂಕಿಯಲ್ಲಿ ಒಂದು ಹೆಚ್ಚು ಕಡಿಮೆ ಇರುವುದುಂಟು. ಹಳೆಯ ರೂಟರ್‌ನ ಸ್ಥಿತಿ ಪುಟದಿಂದ ಓದಿಕೊಂಡರೆ ಖಚಿತ.

ಪಾಸ್‌ವರ್ಡ್ ತಪ್ಪಿರುವುದು ಹೇಗೆಂದರೆ, ಮೊಬೈಲ್ ಕೀಬೋರ್ಡ್ ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡಿರುತ್ತದೆ. ವಾಟ್ಸಾಪ್ ಸಂದೇಶದಿಂದ ಕಾಪಿ ಮಾಡಿದಾಗ ಕೊನೆಗೊಂದು ಖಾಲಿ ಜಾಗ ಅಂಟಿಕೊಂಡಿರುತ್ತದೆ. ಯೂಸರ್‌ನೇಮ್‌ನ ಆಟ್ ಗುರುತಿನ ನಂತರದ ಭಾಗ ಬಿಟ್ಟುಹೋಗಿರುತ್ತದೆ. ಪಿಪಿಪಿಡಿ (ಈ ಲಾಗಿನ್ ನಡೆಸುವ ಪ್ರೋಗ್ರಾಂ) ಬಳಸುವ ಗೇಟ್‌ವೇಗಳಲ್ಲಿ ಪಾಸ್‌ವರ್ಡ್ ಇರುವ ಸೀಕ್ರೆಟ್ಸ್ ಫೈಲನ್ನು ಕೈಯಾರೆ ತಿದ್ದಿದ್ದರೆ, ಪಾಸ್‌ವರ್ಡ್‌ನಲ್ಲಿ ಹ್ಯಾಶ್ ಗುರುತು ಇದ್ದಾಗ ಉದ್ಧರಣ ಚಿಹ್ನೆಯೊಳಗೆ ಇಡಲೇಬೇಕು. ಇಲ್ಲದಿದ್ದರೆ ಅದನ್ನು ಟಿಪ್ಪಣಿ ಎಂದು ತಿಳಿದುಬಿಡುವ ಅಪಾಯವಿದೆ.

ಬೆಳಿಗ್ಗೆ ಚೆನ್ನಾಗಿದ್ದು ಕರೆಂಟ್ ಹೋಗಿ ಬಂದ ಮೇಲೆ ಲಾಗಿನ್ ಆಗದಿದ್ದರೆ ಹಳೆಯ ಸೆಷನ್ ಅನುಮಾನಿಸಿ. ಡಿಸ್‌ಕನೆಕ್ಟ್ ಒತ್ತಿದಾಗ ಗೇಟ್‌ವೇ ಪಾಡ್ಟ್ ಕಳಿಸಿ ವಿದಾಯ ಹೇಳುತ್ತದೆ. ಕರೆಂಟ್ ಹೋದರೆ ಹೇಳದೆ ಸಾಯುತ್ತದೆ. ಐಎಸ್‌ಪಿ ಕಡೆಯ ಸರ್ವರ್ ಎಲ್‌ಸಿಪಿ ಎಕೋಗೆ (ಇದ್ದೀಯಾ ಎಂಬ ಪ್ರಶ್ನೆಗೆ) ಉತ್ತರ ಬಾರದೆ ಸೋಲುವವರೆಗೆ ಆ ಸೆಷನ್ ಬದುಕಿದೆ ಎಂದೇ ನಂಬಿ, ಒಂದು ಖಾತೆಗೆ ಒಂದೇ ಲಾಗಿನ್ ಎಂಬ ನಿಯಮದಡಿ ಹೊಸದನ್ನು ತಳ್ಳುತ್ತದೆ. ಗೇಟ್‌ವೇಯನ್ನು ಕೆಲವು ನಿಮಿಷ ಸುಮ್ಮನೆ ಬಿಟ್ಟರೆ ತಾನಾಗಿಯೇ ಸರಿಹೋಗುತ್ತದೆ. ಮರುಪ್ರಯತ್ನದ ಅಂತರ ಎರಡು ಮೂರು ಸೆಕೆಂಡ್ ಇದ್ದರೆ ಅದನ್ನು 30ಕ್ಕೆ ಏರಿಸಿ. ಸತತ ಬಡಿತವನ್ನು ದಾಳಿ ಎಂದು ಬಗೆದು ಖಾತೆಯನ್ನೇ ತಾತ್ಕಾಲಿಕವಾಗಿ ತಡೆಯುವ ಸರ್ವರ್‌ಗಳಿವೆ. ಒಎನ್‌ಟಿ ಮತ್ತು ಗೇಟ್‌ವೇ ಎರಡಕ್ಕೂ ಒಂದು ಸಣ್ಣ ಡಿಸಿ ಯುಪಿಎಸ್ ಹಾಕುವುದು ಈ ದೋಷಕ್ಕೆ ನಾವು ಕಂಡ ಅತ್ಯಂತ ಅಗ್ಗದ ಪರಿಹಾರ.

ಐಪಿ ವಿಳಾಸ 100.64 ರಿಂದ 100.127 ರೊಳಗೆ ಶುರುವಾದರೆ ಗಾಬರಿ ಬೇಡ. ಅದು ಐಎಸ್‌ಪಿ ಹಂಚಿಕೆಯ ವಿಳಾಸ, ದೃಢೀಕರಣ ಆಗಿದೆ. ಹೊರಗಿನಿಂದ ಒಳಗೆ ಬರುವ ಸಿಸಿಟಿವಿ ಸಂಪರ್ಕ ಮಾತ್ರ ನೇರವಾಗಿ ಸಿಗುವುದಿಲ್ಲ.

ಲಾಗಿನ್ ಆಗಿದೆ, ಕೆಲವು ಸೈಟ್ ತೆರೆಯುತ್ತವೆ, ಬ್ಯಾಂಕಿನದೋ ಸರಕಾರದ್ದೋ ಪುಟ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ ಎಂದರೆ ಎಂಟಿಯು (ಒಂದು ಫ್ರೇಮ್ ಹೊರಬಹುದಾದ ಅತಿ ದೊಡ್ಡ ಪ್ಯಾಕೆಟ್‌ನ ಗಾತ್ರ) ನೋಡಿ. ಪಿಪಿಪಿಒಇ ಪ್ರತಿ ಫ್ರೇಮ್‌ನ 1500 ಬೈಟ್‌ನಲ್ಲಿ 8 ಬೈಟ್ ತಿನ್ನುತ್ತದೆ, ಉಳಿಯುವುದು 1492. ಒಡೆಯಬೇಡ ಎಂಬ ಆಯ್ಕೆಯೊಂದಿಗೆ 1464 ಬೈಟ್ ಪಿಂಗ್ ಕಳಿಸಿ. 28 ಬೈಟ್ ಹೆಡರ್ ಸೇರಿ ಸರಿಯಾಗಿ 1492 ಆಗುತ್ತದೆ. ಇದು ಹೋಗಿ 1465 ಹೋಗದಿದ್ದರೆ ಲೆಕ್ಕ ಸರಿ ಇದೆ. ಗೇಟ್‌ವೇಯಲ್ಲಿ ಎಂಎಸ್‌ಎಸ್ ಕ್ಲ್ಯಾಂಪಿಂಗ್ (ಪ್ಯಾಕೆಟ್‌ನೊಳಗಿನ ಮಾಹಿತಿಯ ಗಾತ್ರಕ್ಕೆ ಮಿತಿ ಹಾಕುವುದು) ಆನ್ ಮಾಡಿ, ಐಪಿವಿ4ಗೆ ಮೌಲ್ಯ 1452.

ಲ್ಯಾನ್ ಪೋರ್ಟ್‌ನ 802.1ಎಕ್ಸ್: ನಿರಾಕರಣೆಯೋ ಮೌನವೋ

ಇಲ್ಲಿ ಮೂವರು ಇದ್ದಾರೆ: ಲ್ಯಾಪ್‌ಟಾಪ್, ಬಾಗಿಲು ಕಾಯುವ ಗೇಟ್‌ವೇ, ಹೌದು-ಇಲ್ಲ ಹೇಳುವ ರೇಡಿಯಸ್ ಸರ್ವರ್. ಲ್ಯಾಪ್‌ಟಾಪ್‌ಗೆ 169.254 ರಿಂದ ಶುರುವಾಗುವ ವಿಳಾಸ ಬಂದಿದ್ದರೆ ಪೋರ್ಟ್ ತೆರೆದಿಲ್ಲ ಅಥವಾ ತಡವಾಗಿ ತೆರೆದಿದೆ ಎಂದು ತಿಳಿಯಿರಿ. ನಂತರ ಗೇಟ್‌ವೇಯ ರೇಡಿಯಸ್ ಎಣಿಕೆ ನೋಡಿ. ರಿಜೆಕ್ಟ್ ಬರುತ್ತಿದೆಯೋ ಟೈಮ್‌ಔಟ್ ಆಗುತ್ತಿದೆಯೋ? ಈ ಒಂದು ಪ್ರಶ್ನೆ ಅರ್ಧ ಕೆಲಸ ಮುಗಿಸುತ್ತದೆ.

ಟೈಮ್‌ಔಟ್ ಆದರೆ ಬಳಕೆದಾರರ ಪಾಸ್‌ವರ್ಡ್‌ಗೂ ಇದಕ್ಕೂ ಸಂಬಂಧವಿಲ್ಲ. ಗೇಟ್‌ವೇ ಮತ್ತು ಸರ್ವರ್ ನಡುವಿನ ಶೇರ್ಡ್ ಸೀಕ್ರೆಟ್ ಹೊಂದದಿದ್ದರೆ ಇಎಪಿ (802.1ಎಕ್ಸ್‌ನ ಲಾಗಿನ್ ಮಾತುಕತೆ) ಕೋರಿಕೆಯ ಸಹಿ ತಪ್ಪುತ್ತದೆ, ಸರ್ವರ್ ಉತ್ತರವೇ ಕೊಡದೆ ಎಸೆಯುತ್ತದೆ. ಗೇಟ್‌ವೇಯ ಐಪಿ ಬದಲಾಗಿದ್ದರೆ ಅಥವಾ ಎರಡು ಇಂಟರ್‌ಫೇಸ್ ಇದ್ದು ಕೋರಿಕೆ ಬೇರೆ ವಿಳಾಸದಿಂದ ಹೊರಟರೆ ಸರ್ವರ್‌ಗೆ ಅದು ಅಪರಿಚಿತ ಕ್ಲೈಂಟ್, ಆಗಲೂ ಮೌನ. ಫ್ರೀರೇಡಿಯಸ್ ಎಂಬ ರೇಡಿಯಸ್ ಸರ್ವರ್ ತಂತ್ರಾಂಶವನ್ನು ಡೀಬಗ್ ಸ್ಥಿತಿಯಲ್ಲಿ ಓಡಿಸಿದರೆ ಎರಡೂ ಸ್ಪಷ್ಟವಾಗಿ ಕಾಣುತ್ತವೆ. ಪೋರ್ಟ್ ಸಂಖ್ಯೆಯೂ ನೋಡಿ: ದೃಢೀಕರಣಕ್ಕೆ ಯುಡಿಪಿ 1812, ಲೆಕ್ಕಕ್ಕೆ 1813. ಹಳೆಯ ಸಾಧನಗಳು ಇನ್ನೂ 1645, 1646 ಹಿಡಿದುಕೊಂಡಿರುತ್ತವೆ. 2024ರ ಜುಲೈಯಲ್ಲಿ ಬ್ಲಾಸ್ಟ್‌ರೇಡಿಯಸ್ ಎಂಬ ದೌರ್ಬಲ್ಯ ಬಹಿರಂಗವಾದ ಮೇಲೆ, ಮೆಸೇಜ್ ಆಥೆಂಟಿಕೇಟರ್ ಎಂಬ ಸಹಿ ಇಲ್ಲದ ಕೋರಿಕೆಗಳನ್ನು ತಿರಸ್ಕರಿಸುವಂತೆ ಸರ್ವರ್‌ಗಳನ್ನು ಬಿಗಿ ಮಾಡಲಾಗುತ್ತಿದೆ. ಸರ್ವರ್ ಅಪ್‌ಡೇಟ್ ಆದ ದಿನವೇ ಹಳೆಯ ಗೇಟ್‌ವೇಯ ಆಡಳಿತ ಲಾಗಿನ್ ಅಥವಾ ಮ್ಯಾಕ್ ಆಧಾರಿತ ಲಾಗಿನ್ ನಿಂತಿದ್ದರೆ ಕಾರಣ ಇದಿರಬಹುದು. ಗೇಟ್‌ವೇಯ ಫರ್ಮ್‌ವೇರ್ ಏರಿಸಿ. ಸರ್ವರ್‌ನ ಬಿಗಿ ಸಡಿಲಿಸುವುದು ತಪ್ಪು ದಾರಿ.

ನಾಲ್ಕೈದು ಸುತ್ತು ಮಾತುಕತೆ ನಡೆದು ನಡುವೆ ಮೌನವಾದರೆ ಸರ್ಟಿಫಿಕೇಟ್ (ಡಿಜಿಟಲ್ ಗುರುತುಪತ್ರ) ದೊಡ್ಡದಾಗಿ ಪ್ಯಾಕೆಟ್ ಒಡೆದಿರಬಹುದು. ಸರ್ವರ್ ವಿಪಿಎನ್ ಆಚೆ ಇದ್ದಾಗ ಇದು ಹೆಚ್ಚು. ಇಎಪಿಯ ಫ್ರಾಗ್ಮೆಂಟ್ ಗಾತ್ರವನ್ನು 1024ಕ್ಕೆ ಇಳಿಸಿದರೆ ಸಾಮಾನ್ಯವಾಗಿ ದಾಟುತ್ತದೆ.

ರಿಜೆಕ್ಟ್ ಬಂದರೆ ಕಾರಣ ಸರ್ವರ್ ಲಾಗ್‌ನಲ್ಲೇ ಬರೆದಿರುತ್ತದೆ: ತಪ್ಪು ಪಾಸ್‌ವರ್ಡ್, ಅವಧಿ ಮುಗಿದ ಸರ್ಟಿಫಿಕೇಟ್, ಇಎಪಿ ವಿಧಾನದ ಹೊಂದಾಣಿಕೆ ಇಲ್ಲದಿರುವುದು. ಒಂದೇ ಲ್ಯಾಪ್‌ಟಾಪ್‌ಗೆ ಸೋಲು ಬಂದರೆ ಅದರ ಗಡಿಯಾರ ನೋಡಿ. ಮದರ್‌ಬೋರ್ಡ್ ಬ್ಯಾಟರಿ ಸತ್ತು ತಾರೀಕು ಹಿಂದಕ್ಕೆ ಹೋಗಿದ್ದರೆ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇಲ್ಲದಂತೆ ಅದಕ್ಕೆ ಕಾಣುತ್ತದೆ. ರೇಡಿಯಸ್ ಗೇಟ್‌ವೇ ಒಳಗೇ ಇದ್ದು, ಗೇಟ್‌ವೇಗೆ ಗಡಿಯಾರದ ಬ್ಯಾಟರಿ ಇಲ್ಲದಿದ್ದರೆ ಕರೆಂಟ್ ಹೋದಾಗೆಲ್ಲ ಎಲ್ಲರಿಗೂ ಹೀಗಾಗುತ್ತದೆ. ಎನ್‌ಟಿಪಿ (ಜಾಲದಿಂದ ಸಮಯ ಸರಿಪಡಿಸುವ ವ್ಯವಸ್ಥೆ) ಹಾಕಿ.

ಗೇಟ್‌ವೇಗೆ ಕೋರಿಕೆಯೇ ಬರದಿದ್ದರೆ, ಅಂದರೆ ಹೆಕ್ಸ್ 888ಇ ಫ್ರೇಮ್‌ಗಳು ಲ್ಯಾಪ್‌ಟಾಪ್‌ನಿಂದ ಹೊರಡದಿದ್ದರೆ, ವಿಂಡೋಸ್‌ನಲ್ಲಿ ವೈರ್ಡ್ ಆಟೋಕಾನ್ಫಿಗ್ ಸೇವೆ ಓಡುತ್ತಿಲ್ಲ. ಈ ಸೇವೆ ತಾನಾಗಿ ಶುರುವಾಗುವುದಿಲ್ಲ, ಈಥರ್ನೆಟ್ ಗುಣಲಕ್ಷಣಗಳಲ್ಲಿ ಆಥೆಂಟಿಕೇಷನ್ ಟ್ಯಾಬ್ ಕಾಣದಿರುವುದೇ ಗುರುತು. ಹೊರಟರೂ ತಲುಪದಿದ್ದರೆ ನಡುವೆ ಮೇಜಿನ ಕೆಳಗೊಂದು ಐದು ಪೋರ್ಟ್‌ನ ಸಣ್ಣ ಸ್ವಿಚ್ ಇದೆಯೇ ಹುಡುಕಿ. ಈ ಫ್ರೇಮ್‌ಗಳು ಹೋಗುವುದು 01-80-ಸಿ2-00-00-03 ಎಂಬ ವಿಳಾಸಕ್ಕೆ. ಮಾನದಂಡ ಪಾಲಿಸುವ ಬ್ರಿಡ್ಜ್ (ಸ್ವಿಚ್ ಕೂಡ ಇದೇ ಬಗೆ) ಅದನ್ನು ಮುಂದೆ ಕಳಿಸುವಂತಿಲ್ಲ. ಲಿನಕ್ಸ್ ಬ್ರಿಡ್ಜ್ ಕೂಡ ತಡೆಯುತ್ತದೆ. ಅದು ದಾಟಲೇಬೇಕಾದರೆ ಗ್ರೂಪ್ ಫಾರ್ವರ್ಡ್ ಮಾಸ್ಕ್ 8 ಎಂದು ಕೊಡಬೇಕು.

ಪ್ರಿಂಟರ್, ಬಯೋಮೆಟ್ರಿಕ್ ಹಾಜರಿ ಯಂತ್ರಗಳಿಗೆ 802.1ಎಕ್ಸ್ ಬರುವುದಿಲ್ಲವೆಂದು ಮ್ಯಾಕ್ ಆಧಾರಿತ ಲಾಗಿನ್ ಇಟ್ಟಿರುತ್ತಾರೆ. ಅಲ್ಲಿ ಎರಡು ಬಲೆಗಳಿವೆ. ಗೇಟ್‌ವೇ ಮ್ಯಾಕ್ ಅನ್ನು ಕೋಲನ್ ಹಾಕಿ ಕಳಿಸುತ್ತದೋ, ಅಡ್ಡಗೆರೆ ಹಾಕಿಯೋ, ಏನೂ ಇಲ್ಲದೆಯೋ, ಸರ್ವರ್‌ನಲ್ಲಿ ಅಕ್ಷರಶಃ ಹಾಗೇ ಇರಬೇಕು. ಎರಡನೆಯದು ಸಮಯ: ಸಿಸ್ಕೊ ಸಾಧನಗಳಲ್ಲಿ ಮೂಲ ಸೆಟ್ಟಿಂಗ್ ಪ್ರಕಾರ 30 ಸೆಕೆಂಡಿನಂತೆ ಮೂರು ಸಲ ಕಾದು, 90 ಸೆಕೆಂಡ್ ಆದ ಮೇಲೆ ಮ್ಯಾಕ್ ನೋಡುತ್ತದೆ. ಅಷ್ಟರಲ್ಲಿ ಪ್ರಿಂಟರ್ ಡಿಎಚ್‌ಸಿಪಿಯಿಂದ ಐಪಿ ವಿಳಾಸ ಕೇಳಿ ಕೇಳಿ ಸುಮ್ಮನಾಗಿರುತ್ತದೆ. ಆ ಪೋರ್ಟ್‌ನಲ್ಲಿ ಮಾತ್ರ ಅವಧಿಯನ್ನು 10 ಸೆಕೆಂಡ್‌ಗೆ ಇಳಿಸಿ.

ಗೇಟ್‌ವೇ ನಿಮ್ಮನ್ನೇ ಹೊರಗಿಟ್ಟರೆ

ಎಲ್ಲ ಲ್ಯಾನ್ ಪೋರ್ಟ್‌ಗೂ ಒಮ್ಮೆಲೇ 802.1ಎಕ್ಸ್ ಹಚ್ಚಿ, ರೇಡಿಯಸ್ ಕೂಡ ಅದೇ ಗೇಟ್‌ವೇ ಆಚೆ ಇದ್ದು ಅದು ಸಿಗದಾದಾಗ ಒಳಹೋಗಲು ದಾರಿ ಇರುವುದಿಲ್ಲ. ಬೀಗ ಇರುವ ರ‍್ಯಾಕ್‌ನೊಳಗಿನ ಒಂದು ಪೋರ್ಟ್ ಅನ್ನು ದೃಢೀಕರಣವಿಲ್ಲದೆ ಆಡಳಿತಕ್ಕೆ ಮೀಸಲಿಡಿ. ಗೇಟ್‌ವೇಯೊಳಗೇ ಒಂದು ಸ್ಥಳೀಯ ಖಾತೆ ಇರಲಿ, ಅದರ ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ ಜವಾಬ್ದಾರರ ಬಳಿ ಇರಲಿ. ದೂರದಿಂದ ಪೋರ್ಟ್ ಸೆಟ್ಟಿಂಗ್ ಬದಲಾಯಿಸುವಾಗ ತಾನಾಗಿ ಹಿಂದಕ್ಕೆ ಹೋಗುವ ಸೌಲಭ್ಯ ಬಳಸಿ: ಮೈಕ್ರೋಟಿಕ್‌ನಲ್ಲಿ ಸೇಫ್ ಮೋಡ್, ಜುನಿಪರ್‌ನಲ್ಲಿ ಕಮಿಟ್ ಕನ್ಫರ್ಮ್ಡ್. ಎರಡನೆಯದರಲ್ಲಿ ಹತ್ತು ನಿಮಿಷದೊಳಗೆ ನೀವು ಖಚಿತಪಡಿಸದಿದ್ದರೆ ಹಳೆಯ ಸೆಟ್ಟಿಂಗ್ ಮರಳುತ್ತದೆ.

ಈಗಾಗಲೇ ಹೊರಗುಳಿದಿದ್ದರೆ ಕನ್ಸೋಲ್ ಕೇಬಲ್ (ಗೇಟ್‌ವೇಗೆ ನೇರವಾಗಿ ಆಜ್ಞೆ ಕೊಡುವ ಸೀರಿಯಲ್ ಕೇಬಲ್) ಹುಡುಕಿ. ವೇಗ ಸಾಮಾನ್ಯವಾಗಿ 115200, ಸಿಸ್ಕೊದಲ್ಲಿ 9600, ಎಂಟು ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್. ಒಳಹೊಕ್ಕ ಮೇಲೆ ಒಂದೇ ಪೋರ್ಟ್‌ನ ದೃಢೀಕರಣ ತೆಗೆದು, ಲ್ಯಾಪ್‌ಟಾಪ್‌ಗೆ ಅದೇ ಶ್ರೇಣಿಯ ಸ್ಥಿರ ಐಪಿ ಕೊಟ್ಟು ಪುಟ ತೆರೆಯಿರಿ. ರೀಸೆಟ್ ಬಟನ್ ಉಪಯೋಗಕ್ಕೆ ಬರುವುದು ಕನ್ಸೋಲ್‌ನಿಂದಲೂ ಆಗದಿದ್ದಾಗ, ಮೊದಲೇ ಇಳಿಸಿಟ್ಟ ಬ್ಯಾಕಪ್ ಫೈಲ್ ಕೈಯಲ್ಲಿದ್ದಾಗ.